ನೀಲಿ ಕೊಲ್ಲಿ

ಆಳಂದ
೧೨ ಸೆಪ್ಟೆಂಬರ್ ೨೦೨೪

ಮಿನಾಜ,

ಇವತ್ತು ಬೆಳಿಗ್ಗೆ ನರೋಣಾದಿಂದ ಬಂದ ಟಂಟಂ ಆಟೋದ ಮುಂದಿನ ಗಾಜಿಗೆ ಹೊಸ ಸ್ಟಿಕ್ಕರ್ ಅಂಟಿಸಿದ್ದರು. ‘ನರೋಣಾ–ಆಲಂದ’ ಅಂತ. ಹಳದಿ ಅಕ್ಷರ, ಕೆಂಪು ಅಂಚು. ಒಳಗೆ ಕುಳಿತಿದ್ದಾಗ ತಿರುಗಾಮುರುಗಾ ಕಾಣುತ್ತಿತ್ತು, ಇಳಿದು ಮುಂದೆ ಬಂದ ಮೇಲೆ ಓದಲು ಬಂತು. ನಾನು ಓದುವುದನ್ನು ನೋಡಿ ಓಡಿಸುವ ಯಾಸೀನ, “ಹ್ಯಾಂಗದರಿ ಟೀಚರ್? ಮೂರು ದಿನ ಅಂಗಡಿಯವನ ಬೆನ್ನಹತ್ತಿ ಮಾಡಿಸೇನಿ” ಅಂದ. ನಾನು ಟೀಚರ್ ಅಲ್ಲ ಅಂತ ಅವನಿಗೆ ಒಂದು ದಿನವೂ ಹೇಳಿಲ್ಲ. “ಭಾಳ ಚಂದ ಅದರಿ” ಅಂದೆ. ಆಳಂದಕ್ಕೆ ಳ ಬೇಕು ಅನ್ನುವ ಮಾತು ಹಲ್ಲಿನ ಹಿಂದೆಯೇ ನಿಂತಿತು.

ಅಂಗಡಿಗೆ ಬಂದವಳೇ ಈ ಪತ್ರ ಶುರು ಮಾಡಿದ್ದೇನೆ. ತಹಸೀಲ್ ಕಚೇರಿ ಎದುರಿನ ಸಿದ್ದರಾಮೇಶರ ಝೆರಾಕ್ಸ್ ಅಂಗಡಿಯಲ್ಲಿ ಕೂತು ಜನರ ಅರ್ಜಿ ಬರೆದುಕೊಡುವುದು ಈಗ ನನ್ನ ಕೆಲಸ. ಕನ್ನಡ ಎಂ.ಎ. ಓದಿದ್ದು ಇದಕ್ಕೇ ಅನ್ನಿಸುವ ದಿನಗಳಿವೆ. ಪಹಣಿಯಲ್ಲಿ ಹೆಸರು ತಪ್ಪಿದೆ, ವಿಧವಾ ವೇತನ ನಿಂತಿದೆ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರಿಲ್ಲ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ದಿನಕ್ಕೆ ಇಪ್ಪತ್ತು ಜನರ ಮಾತು ಬರೆಯುವ ಕೈಗೆ ನಿನಗೆ ನಾಲ್ಕು ಸಾಲು ಬರೆಯಲು ಐದು ವರ್ಷ ಬೇಕಾಯಿತು.

ಹೋದ ವಾರ ನಿನ್ನ ಅಮ್ಮಿ, ನಮ್ಮ ಖಾಲಾ, ಅಂಗಡಿಗೆ ಬಂದಿದ್ದರು, ಆಧಾರ್ ಝೆರಾಕ್ಸ್ ಮಾಡಿಸಲು. ನಾನೇ ಧೈರ್ಯ ಮಾಡಿ ನಿನ್ನ ಫೋನ್ ನಂಬರ್ ಕೇಳಿದೆ.

“ನಂಬರ್ ಕೊಡಬ್ಯಾಡ ಅಂದಾಲ,” ಅಂದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಮಡಿಸಿದ ಚೀಟಿ ತೆಗೆದರು. “ಅಡ್ರೆಸ್ ಕೊಡಬ್ಯಾಡ ಅಂದಿಲ್ಲ.”

ನೀನು ಕಾರವಾರದ ಕಡೆ ಒಂದು ಕಡಲ ಅಧ್ಯಯನ ಕೇಂದ್ರದಲ್ಲಿ ಇದ್ದೀಯಂತೆ, ಕತ್ತಲಾದ ಮೇಲೆ ಹೊಳೆಯುವ ನೀರನ್ನು ಜನರಿಗೆ ತೋರಿಸುತ್ತೀಯಂತೆ. ಖಾಲಾ ಅದನ್ನು ಹೇಳುವಾಗ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಮನೆಗೆ ಹೋಗಿ ನಮ್ಮವ್ವನಿಗೆ ಹೇಳಿದೆ. “ನೀರು ಹೊಳೀತದ? ಯಾರರ ಸೀಮೆಎಣ್ಣಿ ಚೆಲ್ಲ್ಯಾರ ನೋಡು,” ಅಂದಳು ಅವ್ವ.

ಅದು ಏನು ಮಿನಾಜ? ಹುಳವೋ, ಮೀನೋ? ಸಮುದ್ರ ನಾನು ನೋಡಿಲ್ಲ. ನಿನಗೆ ಸಮಯವಿದ್ದಾಗ ಬರೆ. ಇಲ್ಲದಿದ್ದರೂ ಪರವಾಗಿಲ್ಲ.

ವಿಜಯಶ್ರೀ
(ನೀನು ವಿಜಿ ಅನ್ನುತ್ತಿದ್ದಿ)


ಕಾರವಾರ
೧೭ ಅಕ್ಟೋಬರ್ ೨೦೨೪

ವಿಜಿ,

ಪತ್ರ ಬಂತು. ಅಮ್ಮಿಗೆ ಫೋನಿನಲ್ಲಿ ಬೈದೆ. ನಕ್ಕಲು.

ನೀನು ಕೇಲಿದ್ದಕ್ಕೆ ಉತ್ತರ. ಅದು ಹುಲ ಅಲ್ಲ, ಮೀನೂ ಅಲ್ಲ. ಒಂದೇ ಒಂದು ಜೀವಕೋಶ. ಹೆಸರು ನೊಕ್ಟಿಲುಕಾ. ಒಂದು ಸಾಬೂದಾಣಿಯನ್ನು ಹತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ಇರುತ್ತದೆ. ಗಾಜಿನ ಗೋಲಿ ಹಾಗೆ, ಅದಕ್ಕೊಂದು ಸಣ್ಣ ಬಾಲ. ಇಲ್ಲಿ ಬರುವ ಜಾತಿಯ ಹೊಟ್ಟೆಯಲ್ಲಿ ಹಸಿರು ಪಾಚಿ ಬಾಡಿಗೆಗೆ ಇರುತ್ತದೆ, ಅದಕ್ಕೇ ಹಗಲಲ್ಲಿ ನೀರು ಹಸಿರು ಬಣ್ಣ ಕದಡಿದ ಹಾಗೆ ಕಾಣುತ್ತದೆ. ಕತ್ತಲಾದ ಮೇಲೆ ಅಲೆ ಬಡಿದರೆ, ಹುಟ್ಟು ತಾಗಿದರೆ, ಯಾರಾದರೂ ಕೈ ಹಾಕಿದರೆ ಮಿನುಗುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆ ಬೆಲಕಿಗೆ ಬಿಸಿ ಇಲ್ಲ. ಯಾರೂ ಮುಟ್ಟದಿದ್ದರೆ ಕತ್ತಲು.

ಯಾಕೆ ಮಿನುಗುತ್ತದೆ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತನ್ನನ್ನು ತಿನ್ನಲು ಬಂದ ಸಣ್ಣ ಪ್ರಾಣಿಯನ್ನು ಹೆದರಿಸಲು ಅಂತ ಕೆಲವರು. ಇಲ್ಲ, ಆ ಪ್ರಾಣಿ ದೊಡ್ಡ ಮೀನಿನ ಕಣ್ಣಿಗೆ ಬೀಲಲಿ ಅಂತ ಕೆಲವರು. ಕಲ್ಲನ ಮುಖಕ್ಕೆ ಬ್ಯಾಟರಿ ಬಿಟ್ಟ ಹಾಗೆ.

ನನ್ನ ಲ, ಳ ಇನ್ನೂ ಹಾಗೇ ಇದೆ. ‘ಹೇಳು’ ಅನ್ನುವ ಒಂದು ಮಾತಿನಲ್ಲಿ ಮಾತ್ರ ತಪ್ಪುವುದಿಲ್ಲ. ಯಾಕೆ ಅಂತ ನಿನಗೆ ಗೊತ್ತು. ಉಲಿದದ್ದನ್ನು ತಿದ್ದಬೇಕು ಅನ್ನಿಸಿದರೆ ಮನಸ್ಸಿನಲ್ಲೇ ತಿದ್ದು.

ಮಿನಾಜ


ಆಳಂದ
೧ ನವೆಂಬರ್ ೨೦೨೪

ಮಿನಾಜ,

ದೀಪಾವಳಿ ಅಮಾವಾಸ್ಯೆಯೂ ರಾಜ್ಯೋತ್ಸವವೂ ಈ ಸಲ ಒಂದೇ ದಿನ ಬಂದಿವೆ. ಅಂಗಡಿಗೆ ಅರ್ಧ ದಿನ ರಜೆ. ಚೌಕದಲ್ಲಿ ಮೈಕು ಕಟ್ಟಿದ್ದಾರೆ, ಯಾರೋ ಹುಡುಗಿ ಭಾಷಣ ಮಾಡುತ್ತಿದ್ದಾಳೆ. ನಾನು ಷಟರ್ ಅರ್ಧ ಎಳೆದು ಒಳಗೆ ಕೂತಿದ್ದೇನೆ. ಈ ದಿನ ಸುಮ್ಮನೆ ಕಳೆಯಲಿ ಅಂತ ಪ್ರತಿ ವರ್ಷ ಕಾಯುತ್ತೇನೆ. ಈ ವರ್ಷ ಬರೆದುಬಿಡುತ್ತೇನೆ.

ಏಳನೆಯ ತರಗತಿಯ ತನಕ ಉರ್ದು ಶಾಲೆಯಲ್ಲಿ ಓದಿ ಬಂದವಳು ನೀನು. ಕಾಲೇಜಿನ ಕೊನೆಯ ವರ್ಷ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಾಗ ನಿನ್ನನ್ನು ತಯಾರು ಮಾಡಿದವಳು ನಾನು. ಎಂಟು ದಿನ ನಿಮ್ಮ ಮನೆಯ ಮಾಳಿಗೆಯ ಮೇಲೆ ಕೂತು ‘ಲ ಅಲ್ಲ ಬೇ, ಳ, ನಾಲಗಿ ಮಡಚು’ ಅಂತ ತಿದ್ದಿದೆ. ವೇದಿಕೆಯ ಮೇಲೆ ನಿನ್ನ ನಾಲಗೆ ಹೆದರಿಕೊಂಡು ಎಲ್ಲ ಲ-ವನ್ನೂ ಳ ಮಾಡಿತು. ‘ಕನ್ನಡ ನನಗೆ ತಾಯಿಯ ಹಾಲಿನಂತೆ’ ಅನ್ನುವುದು ‘ತಾಯಿಯ ಹಾಳಿನಂತೆ’ ಆಯಿತು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ನಿನ್ನ ಭಾಷಣದ ಪ್ರತಿ ಹಿಡಿದು ಕೂತಿದ್ದ ನಾನು ಓಢಣಿಯಿಂದ ಬಾಯಿ ಮುಚ್ಚಿಕೊಂಡೆ. ನಗಲಿಲ್ಲ ಅಂತ ನಿನಗೆ ಆಗ ಸುಳ್ಳು ಹೇಳಿದೆ. ನಕ್ಕಿದ್ದೆ. ನನ್ನ ಭುಜ ಅಲ್ಲಾಡಿದ್ದನ್ನು ನೀನು ಮೇಲಿನಿಂದ ನೋಡಿದ್ದಿ.

ಅವತ್ತು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಅಕ್ಷರ. ಅಷ್ಟಕ್ಕೇ ಮಾತು ಬಿಟ್ಟೆ ಅಂತ ಮೊದಲ ವರ್ಷ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಆ ಸಿಟ್ಟಿಗೆ ಕಾರಣ ಹುಡುಕಿದೆ, ಸಿಗಲಿಲ್ಲ.

ಕಲಬುರಗಿಯಲ್ಲಿ ಎಂ.ಎ. ಓದಿದ ಎರಡು ವರ್ಷ ಹಾಸ್ಟೆಲಿನಲ್ಲಿ ನಾಲ್ಕು ಜನರ ಕೋಣೆ. ಆ ಮೂವರ ಊರು, ಊಟ, ಜಗಳ ಎಲ್ಲ ಗೊತ್ತಿತ್ತು ನನಗೆ. ನನ್ನ ಊರು ಯಾವುದು ಅಂತ ಅವರು ಕೇಳಿದ್ದು ಹೋಗುವ ದಿನ. ಈಗಲೂ ಹಾಗೇ. ಸಂಜೆ ಟಂಟಂ ಹತ್ತುವಾಗ ಲೆಕ್ಕ ಹಾಕುತ್ತೇನೆ, ಇವತ್ತು ನಾನು ನನ್ನ ಸಲುವಾಗಿ ಎಷ್ಟು ಮಾತಾಡಿದೆ ಅಂತ. ‘ಚೇಂಜ್ ಇಲ್ರಿ’, ‘ಇಲ್ಲಿ ಸಹಿ ಮಾಡ್ರಿ’, ‘ಸ್ವಲ್ಪ ಸರೀರಿ’. ಅಷ್ಟೇ.

ನಿನ್ನ ಪತ್ರ ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ಇನ್ನೂ ಬರೆ. ಮೊದಲ ಸಲ ನೀನು ಅದನ್ನು ನೋಡಿದಾಗ ಹೇಗಿತ್ತು ಅಂತ ಬರೆ.

ವಿಜಿ


ಕಾರವಾರ
೨೪ ನವೆಂಬರ್ ೨೦೨೪

ವಿಜಿ,

ನಕ್ಕಿದ್ದು ಗೊತ್ತಿತ್ತು. ನೀನು ಬರೆದದ್ದು ಚಲೋ ಆಯಿತು.

ಮೊದಲ ಸಲ ನೋಡಿದಾಗ ನಿರಾಸೆ ಆಯಿತು. ಫೋನಿನಲ್ಲಿ ಎಲ್ಲರೂ ತೋರಿಸುವ ಚಿತ್ರದಲ್ಲಿ ಅದು ಗಾಢ ನೀಲಿ ಇರುತ್ತದೆ. ಬರಿಗಣ್ಣಿಗೆ ಹಾಗಿಲ್ಲ. ಸುಣ್ಣದ ನೀರಿಗೆ ಒಂದು ಹನಿ ಶಾಯಿ ಬಿಟ್ಟ ಹಾಗೆ, ಮಂಕು. ಇಷ್ಟೇನಾ ಅಂದುಕೊಂಡೆ. ದೋಣಿ ನಡೆಸುವ ಅಕ್ರಮ್ ಭಾಯಿ, “ಬೇಟಾ, ಫೋನ್ ಒಲಗಿಡು, ಸುಮ್ನೆ ಕೂರು,” ಅಂದರು. ಹದಿನೈದು ಇಪ್ಪತ್ತು ನಿಮಿಷ ಕೂತೆ. ಆಮೇಲೆ ನೀರಿಗೆ ಕೈ ಬಿಟ್ಟೆ. ಬೆರಲಿನಿಂದ ಕಿಡಿ ಉದುರಿತು. ಕೈ ತೆಗೆದೆ, ಮಣಿಕಟ್ಟಿನ ಕೂದಲಿಗೆ ಎರಡು ಚುಕ್ಕಿ ಹತ್ತಿಕೊಂಡು ಇನ್ನೂ ಮಿನುಗುತ್ತಿದ್ದವು. ದೋಣಿಯ ಅಡಿಯಲ್ಲಿ ಒಂದು ಮೀನು ಹೋಯಿತು. ಮೀನು ಕಾಣಲಿಲ್ಲ, ಅದು ಹೋದ ದಾರಿ ಕಂಡಿತು. ಅವತ್ತು ಯಾರಿಗೆ ಹೇಳಬೇಕು ಅಂತ ಫೋನ್ ತೆಗೆದು ಹೆಸರು ಹುಡುಕಿದೆ. ಹೇಳುವ ಹೆಸರು ಸಿಗಲಿಲ್ಲ.

ಮೀನುಗಾರರಿಗೆ ಇದು ಅಷ್ಟು ಇಷ್ಟವಿಲ್ಲ. ಬಲೆ ಬಿಟ್ಟರೆ ಬಲೆಯೆಲ್ಲ ಬೆಲಕಾಗಿ ಮೀನು ದೂರ ಓಡುತ್ತವೆ. ತೀರಾ ಹೆಚ್ಚಾದರೆ ನೀರಿನ ಉಸಿರೇ ಕಟ್ಟುತ್ತದೆ, ಮೀನು ಸಾಯುತ್ತವೆ. ನೋಡಲು ಬಂದವರಿಗೆ ಇದನ್ನೂ ಹೇಳುತ್ತೇನೆ. ಅವರಿಗೆ ಬೇಕಾಗಿರುವುದಿಲ್ಲ. ಎಷ್ಟೋ ದಿನ ಏನೂ ಕಾಣುವುದಿಲ್ಲ, ಆಗ ನನ್ನ ಮೇಲೆ ರೇಗುತ್ತಾರೆ, ನಾನೇ ಸ್ವಿಚ್ ಹಾಕುವವಲು ಅನ್ನುವ ಹಾಗೆ.

ಒಂದು ಕೆಲಸ ಇದೆ. ದೋಣಿ ಹತ್ತುವ ಜಾಗದಲ್ಲಿ ಕನ್ನಡದ ಬೋರ್ಡು ನಿಲ್ಲಿಸುತ್ತಾರೆ. ಬರೆಯುವ ಕೆಲಸ ಕೇಂದ್ರದ ಮೇಡಂ ನನಗೆ ಕೊಟ್ಟಿದ್ದಾರೆ. ಈವರೆಗೆ ನೋಡಲು ಬರುವವರ ಹಿಂದಿ ಬ್ಯಾಚು ಮಾತ್ರ ಮಾಡುತ್ತಿದ್ದೆ. ಬೋರ್ಡು ಸರಿ ಬಂದರೆ ಅದು ನಿಂತ ದಿನದಿಂದ ಶಾಲೆ ಮಕ್ಕಲ ಕನ್ನಡ ಬ್ಯಾಚೂ ನನಗೇ. ಅದು ನನಗೆ ಬೇಕು ವಿಜಿ. ಬಹಲ ಬೇಕು. ಆ ವೇದಿಕೆಯಿಂದ ಇಲಿದ ಮೇಲೆ ಮೈಕಿನ ಮುಂದೆ ಕನ್ನಡ ಮಾತಾಡಿಲ್ಲ ನಾನು.

ಬರೆದದ್ದು ಇಲ್ಲಿದೆ. ನೋಡಿ ಕಲಿಸು.

‘ನೀಲಿ ಕೊಲ್ಲಿ.
ಇಲ್ಲಿಯ ನೀರಿನ ಬೆಲಕು ಪವಾಡವಲ್ಲ. ಕೋಟ್ಯಂತರ ಸಣ್ಣ ಜೀವಿಗಲು ಮುಟ್ಟಿದಾಗ ಮಿನುಗುತ್ತವೆ. ಕಲ್ಲು ಎಸೆದು ಅವುಗಲನ್ನು ದಣಿಸಬೇಡಿ. ಬ್ಯಾಟರಿ ಹಾಕಬೇಡಿ. ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಲ್ಲಲು ಹದಿನೈದು ನಿಮಿಷ ಕೊಡಿ.’

ಡಿಸೆಂಬರ್ ಹತ್ತರೊಲಗೆ ಬೇಕು.

ಮಿನಾಜ


ಆಳಂದ
೧ ಡಿಸೆಂಬರ್ ೨೦೨೪

ಮಿನಾಜ,

ನಿನ್ನ ಪತ್ರ ನಿನ್ನೆ ಬಂತು, ಇವತ್ತೇ ಬರೆಯುತ್ತಿದ್ದೇನೆ. ತಿದ್ದಿದ ಪ್ರತಿ ಬೇರೆ ಹಾಳೆಯಲ್ಲಿ ದುಂಡಗೆ ಬರೆದು ಇಟ್ಟಿದ್ದೇನೆ, ಬಣ್ಣ ಬರೆಯುವವನಿಗೆ ಅದನ್ನೇ ಕೊಡು. ಐದು ಕಡೆ ಲ ಹೋಗಿ ಳ ಆಗಿದೆ, ಅಷ್ಟೇ. ವಾಕ್ಯ ಒಂದನ್ನೂ ಮುಟ್ಟಿಲ್ಲ. ಮುಟ್ಟುವ ಹಾಗಿರಲಿಲ್ಲ. ‘ಹೊಂದಿಕೊಲ್ಲಲು’ ಅಂತ ಬರೆದಿದ್ದೀ. ಕಣ್ಣನ್ನು ಕೊಂದೇಬಿಡುತ್ತಿದ್ದಿ. ನಗಲಿಲ್ಲ, ನಂಬು.

ತಲೆಬರಹ ನನಗೆ ತುಂಬ ಹಿಡಿಸಿತು. ನೀಲಿ ಕೊಳ್ಳಿ! ನೀರಿನಲ್ಲಿ ಉರಿಯುವ, ಸುಡದ ಕೊಳ್ಳಿ. ಐದು ವರ್ಷ ಸಾಹಿತ್ಯ ಓದಿದ ನನಗೆ ಇಂಥ ಎರಡು ಪದ ಜೋಡಿಸಲು ಬರುವುದಿಲ್ಲ. ಅಂಗಡಿಯಲ್ಲಿ ಸಿದ್ದರಾಮೇಶರಿಗೂ ಓದಿ ತೋರಿಸಿದೆ. “ಭಾರಿ ಅದರಿ. ಬರದವರು ಯಾರು?” ಅಂದರು. “ನನ್ನ ಗೆಳತಿ,” ಅಂದೆ. ಆ ಮಾತು ಜೋರಾಗಿ ಹೇಳಿ ಎಷ್ಟು ದಿನವಾಗಿತ್ತು.

ಇಲ್ಲಿ ತೊಗರಿ ಕಾಯಿ ಕಟ್ಟಿದೆ. ಬೆಳಿಗ್ಗೆ ಬರುವಾಗ ಟಂಟಂನ ಎರಡೂ ಬದಿ ಅದೇ. ಗಾಳಿ ಬಂದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗುತ್ತ ಹೋಗುತ್ತದೆ. ಕಡಲು ಹೀಗೇ ಇರಬಹುದೇ ಅಂತ ನೋಡುತ್ತ ಕೂರುತ್ತೇನೆ. ಬೋರ್ಡು ನಿಂತ ದಿನ ಹೇಗಿತ್ತು ಅಂತ ಬರೆ. ಕಾಯುತ್ತಿರುತ್ತೇನೆ.

ನಿನ್ನ
ವಿಜಿ


ನರೋಣಾ
೬ ಜನವರಿ ೨೦೨೫

ಮಿನಾಜ,

ಒಂದು ತಿಂಗಳಾಯಿತು. ಬೋರ್ಡಿನ ಕೆಲಸ, ಹೊಸ ಬ್ಯಾಚಿನ ಗಡಿಬಿಡಿ ಇರಬಹುದು. ದಿನಾ ಹನ್ನೊಂದಕ್ಕೆ ಅಂಚೆಯವರು ತಹಸೀಲ್ ಕಚೇರಿಗೆ ಹೋಗುತ್ತಾರೆ. ಅವರು ನಮ್ಮ ಅಂಗಡಿಯ ಕಡೆ ನೋಡದೆ ಹೋಗುವುದು ಈಗ ನನಗೆ ಅಭ್ಯಾಸವಾಗಿದೆ.

ಹೋದ ಗುರುವಾರ ಜೇವರ್ಗಿಗೆ ಹೋಗಿದ್ದೆ. ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡಕ್ಕೆ ಅತಿಥಿ ಉಪನ್ಯಾಸಕಿ ಬೇಕಿತ್ತು. ಅರ್ಧ ಗಂಟೆ ಪಾಠ ಮಾಡಿ ತೋರಿಸಿ ಅಂದರು. ಹಲಗೆಯ ಕಡೆ ತಿರುಗಿಕೊಂಡೇ ಅರ್ಧ ಪಾಠ ಮುಗಿಸಿದೆ. ಮಧ್ಯದಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಕನ್ನಡದಲ್ಲಿ ಎರಡು ಮಾತು ಶುರು ಮಾಡಿ, ತಡವರಿಸಿ, ಉಳಿದದ್ದನ್ನು ನಿಮ್ಮ ಮನೆಯ ಉರ್ದು ಮಾತಿನಲ್ಲಿ ಕೇಳಿದಳು. ನನಗೆ ಪೂರ್ತಿ ಅರ್ಥವಾಯಿತು. ಒಳ್ಳೆಯ ಪ್ರಶ್ನೆ. ಅವಳ ಮಾತಿನಲ್ಲೇ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. “ಕನ್ನಡದಾಗ ಕೇಳವಾ,” ಅಂದೆ. ಅವಳು ಕೂತುಬಿಟ್ಟಳು. ಮತ್ತೆ ಏಳಲಿಲ್ಲ.

ಕೆಲಸ ಬೇರೆಯವರಿಗೆ ಆಯಿತು. ಅದಕ್ಕೆ ಬೇಸರವಿಲ್ಲ. ಬರುವಾಗ ಬಸ್ಸಿನಲ್ಲಿ ಆ ಹುಡುಗಿ ಕೂತದ್ದೇ ಕಣ್ಣ ಮುಂದೆ ಬರುತ್ತಿತ್ತು. ಅವ್ವ ಕೇಳಿದಳು, “ಯಾಕ ಬೇ, ಮಾರಿ ಹಂಗ್ಯಾಕ ಮಾಡಿ?” “ಬಸ್ಸಿನ್ಯಾಗ ನಿಂತು ಬಂದೇನಿ,” ಅಂದೆ. ಕೂತೇ ಬಂದಿದ್ದೆ.

ಎರಡು ಸಾಲು ಬರೆ. ಬೋರ್ಡು ಆಯಿತು ಅಂತ ಬರೆದರೂ ಸಾಕು.

ವಿಜಿ


ಕಾರವಾರ
೨೨ ಜನವರಿ ೨೦೨೫

ವಿಜಯಶ್ರೀ,

ಬೋರ್ಡು ಆಯಿತು. ಡಿಸೆಂಬರ್ ಇಪ್ಪತ್ತೆರಡಕ್ಕೆ ನಿಲ್ಲಿಸಿದರು. ಕುಮಟಾದಿಂದ ಒಂದು ಶಾಲೆಯವರು ಬಂದಿದ್ದರು, ನಲವತ್ತು ಮಕ್ಕಲು. ಅದು ನನ್ನ ಮೊದಲ ಕನ್ನಡ ಬ್ಯಾಚು. ಅವರ ಮಾಸ್ತರು ಬೋರ್ಡು ಓದಿ ಜೋರಾಗಿ ನಕ್ಕರು. “ಇದೆಂತ ಮಾರಾಯ್ರೆ, ನೀಲಿ ಕೊಳ್ಳಿ? ಯಾರಿಗೆ ಇಡೂದು?” ಅಂದರು. ಮಕ್ಕಲು ಅದನ್ನೇ ಹಿಡಿದರು. ದೋಣಿಯಲ್ಲಿ ನಾನು ಬಾಯಿ ತೆಗೆದಾಗಲೆಲ್ಲ ಒಬ್ಬ ‘ಕೊಳ್ಳಿ’ ಅನ್ನುವುದು, ಉಲಿದವರು ನಗುವುದು. ಅವತ್ತು ನೀರು ಎಂದೂ ಇಲ್ಲದಷ್ಟು ಮಿನುಗುತ್ತಿತ್ತು. ಯಾರೂ ನೋಡಲಿಲ್ಲ.

ನಾನು ಬರೆದದ್ದು ಕೊಲ್ಲಿ. ಬಂಗಾಲ ಕೊಲ್ಲಿ ಅನ್ನುತ್ತಾರಲ್ಲ, ಆ ಕೊಲ್ಲಿ. ದಡದ ಒಲಗೆ ಸಮುದ್ರ ಬಂದು ನಿಲ್ಲುವ ಜಾಗ. ಅಮ್ಮಿಗೆ ಹೇಳುವಾಗ ನಾನು ಖಾಡಿ ಅನ್ನುತ್ತೇನೆ. ಬೋರ್ಡಿಗೆ ಶುದ್ಧ ಕನ್ನಡ ಇರಲಿ ಅಂತ ನಿಘಂಟು ತೆಗೆದು ಹುಡುಕಿದ್ದೆ, ಲ-ನೋ ಳ-ನೋ ಅಂತ ಎರಡು ಸಲ ನೋಡಿದ್ದೆ. ನಿನ್ನ ಹಾಲೆ ಬಂದಾಗ ಮತ್ತೆ ನಿಘಂಟು ತೆಗೆದೆ. ಅದರಲ್ಲಿ ಕೊಲ್ಲಿ ಅಂತಲೇ ಇತ್ತು. ಆದರೂ ನೀನು ಬರೆದದ್ದನ್ನೇ ಕೊಟ್ಟೆ. ನಿಘಂಟು ತಪ್ಪಿರಬಹುದು, ವಿಜಿ ತಪ್ಪುವುದಿಲ್ಲ ಅಂದುಕೊಂಡೆ. ಈ ಮಾತು ಬರೆಯುವಾಗ ನನಗೇ ನಾಚಿಕೆ ಆಗುತ್ತದೆ.

ಮೇಡಂ ಸಿಟ್ಟಾಗಲಿಲ್ಲ. “ಕನ್ನಡ ಬರುವವರಿಗೆ ಒಮ್ಮೆ ತೋರಿಸಬೇಕಿತ್ತು ಮಿನಾಜ,” ಅಂದರು. ತೋರಿಸಿದ್ದೆ ಅನ್ನಲಿಲ್ಲ. ಕನ್ನಡ ಬ್ಯಾಚು ಈಗ ಅಂಕೋಲೆಯ ಹುಡುಗಿಗೆ ಕೊಟ್ಟಿದ್ದಾರೆ. ನನಗೆ ಶನಿವಾರದ ಹಿಂದಿ ಬ್ಯಾಚು. ಬೋರ್ಡು ತೆಗೆದು ಗೋದಾಮಿನಲ್ಲಿ ಮುಖ ಗೋಡೆಗೆ ಮಾಡಿ ಇಟ್ಟಿದ್ದಾರೆ.

ನೀನು ಬೇಕಂತ ಮಾಡಿಲ್ಲ. ಆಗಲೂ ಮಾಡಿರಲಿಲ್ಲ. ನನ್ನ ಲ ಕಂಡರೆ ಅದು ತಪ್ಪೇ ಇರಬೇಕು ಅಂತ ನಿನಗೆ ಗೊತ್ತು, ನೋಡುವ ಮೊದಲೇ ಗೊತ್ತು. ಅದೇ ನನಗೆ ಸಹಿಸಲು ಆಗುತ್ತಿಲ್ಲ.

ಇನ್ನು ಬರೆಯಬೇಡ.

ಮಿನಾಜ


ಆಳಂದ
೧೭ ಫೆಬ್ರವರಿ ೨೦೨೫

ಮಿನಾಜ,

ಬರೆಯಬೇಡ ಅಂದಿದ್ದೀ. ಇದು ಕೊನೆಯದು, ಇದಕ್ಕೆ ಉತ್ತರವೂ ಬೇಡ. ನಿನಗೆ ಗೊತ್ತಿರದೆ ನಾನು ಒಂದು ಕೆಲಸ ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಬಂಗಾಳ ಕೊಲ್ಲಿ ನನಗೂ ಗೊತ್ತಿದ್ದ ಪದವೇ. ನಾಲ್ಕನೆಯ ತರಗತಿಯ ಮಗುವಿಗೂ ಗೊತ್ತು. ‘ಹೊಂದಿಕೊಲ್ಲಲು’ ತಿದ್ದಿದ ಪೆನ್ನು ಹಾಗೇ ಮೇಲೆ ಹೋಗಿ ತಲೆಬರಹವನ್ನೂ ತಿದ್ದಿತು. ಆಮೇಲೆ ನನ್ನ ತಪ್ಪನ್ನೇ ಕಾವ್ಯ ಅಂದುಕೊಂಡು ನಿನಗೆ ಶಭಾಸ್ ಅಂದೆ. ಇದಕ್ಕಿಂತ ಹೆಚ್ಚು ಸಮರ್ಥನೆ ನನ್ನ ಹತ್ತಿರ ಇಲ್ಲ.

ನಿನ್ನ ಪತ್ರ ಬಂದ ದಿನ ನಿಮ್ಮ ಮೇಡಂ ಅವರಿಗೆ ಒಂದು ಅರ್ಜಿ ಬರೆದೆ. ‘ಮಾನ್ಯರೇ, ಸದರಿ ತಪ್ಪು ಮಿನಾಜ ಅವರದಾಗಿರದೆ...’ ಓದಿ ನೋಡಿದರೆ ಪಹಣಿ ತಿದ್ದುಪಡಿಯ ಹಾಗೆ ಇತ್ತು. ಮೂರು ಸಲ ಬರೆದು ಹರಿದೆ. ಬರೆಯುವುದು ನನಗೆ ಬಹಳ ಸುಲಭ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಈ ತಿಂಗಳ ಮೊದಲ ಶುಕ್ರವಾರ ನಿಮ್ಮ ಮನೆಗೆ ಹೋದೆ. ಖಾಲಾ ಹೊಸ್ತಿಲ ಹತ್ತಿರ ಕೂತು ಕುಪ್ಪಸಕ್ಕೆ ಗುಂಡಿಯ ಕಾಜಾ ಹಾಕುತ್ತಿದ್ದರು. ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ.

“ಮಿನಾಜ ಹೇಳ್ಯಾಳೇನ್ರಿ ಖಾಲಾ?”

“ಹೇಳ್ಯಾಲ. ಬೋರ್ಡಿಂದು.” ಅವರಿಗೂ ‘ಹೇಳು’ ಮಾತ್ರ ತಪ್ಪುವುದಿಲ್ಲ.

ನನಗೆ ಬಾಯಾರಿತ್ತು. ಮೂಲೆಯ ಕೊಡದ ಕಡೆ ನೋಡಿ, ಹೆಬ್ಬೆರಳು ಬಾಯಿಯ ಹತ್ತಿರ ತಂದು ತೋರಿಸಿದೆ. ಖಾಲಾ ಏಳಲಿಲ್ಲ.

“ಏಲು ವರ್ಷ ನಮ್ಮ ಮನ್ಯಾಗ ಉಂಡಿ,” ಅಂದರು. “ಹಿಂಗೇ ಸನ್ನಿ ಮಾಡ್ತಿದ್ದಿ. ಒಂದ್ ದಿನ ‘ಪಾನಿ ದ್ಯೋ ಖಾಲಾ’ ಅಂದಿಲ್ಲ ನೀ. ನಾವು ಮಾತಾಡಿದ್ದೆಲ್ಲ ತಿಲೀತದ ನಿನಗ. ನಗು ಬಂದ್ರ ನಗ್ತಿದ್ದಿ. ಯಾಕ ಅಂದಿಲ್ಲ?”

“ತಪ್ಪಾದ್ರ ನಗ್ತೀರಿ ಅಂತ.”

ಖಾಲಾ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಳು ವರ್ಷ ಮಿನಾಜ. ನಿನ್ನ ಹತ್ತಿರ ಮಾತಾಡಿದ್ದೆಲ್ಲ ನನ್ನ ಭಾಷೆಯಲ್ಲಿ. ತಪ್ಪುವ ಪಾಳಿ ಯಾವಾಗಲೂ ನಿನ್ನದು, ತಿದ್ದುವ ಪಾಳಿ ನನ್ನದು. ನಾನು ಇದನ್ನೇ ಗೆಳೆತನ ಅಂದುಕೊಂಡಿದ್ದೆ.

ಕೊನೆಗೆ ಹೇಗೋ ಅಂದೆ. “ಪಾನಿ ದ್ಯೋ ಖಾಲಾ.” ಧ್ವನಿ ನನ್ನದಲ್ಲ ಅನ್ನುವ ಹಾಗೆ ಬಂತು. ಖಾಲಾ ಎದ್ದು ನೀರು ಕೊಟ್ಟರು. ಕುಡಿದ ಮೇಲೆ, ನಾನು ‘ಆ ತಪ್ಪು ನನ್ನದು’ ಅನ್ನುವ ಒಂದು ಸಾಲು ಕಲಿಯಬೇಕು, ಹೇಳಿಕೊಡಿ ಅಂದೆ. ಮೊದಲು ನನಗೆ ಬಂದ ಹಾಗೆ ಹೇಳಿದೆ: “ವೋ ಗಲತಿ ಮೇರಾ ಥಾ.”

“ಮೇರಾ ನೈ ಬೇ, ಮೇರಿ. ಗಲತಿ ಹೆಣ್ಣು.”

“ಗಲತಿ ಹೆಣ್ಣೇನ್ರಿ? ಮತ್ತ ಇನ್ಸಾಫು?”

“ಇನ್ಸಾಫ್ ಗಂಡು.”

“ಇದೇನ್ ಖಾಲಾ, ತಪ್ಪೆಲ್ಲ ನಮ್ಮ ಪಾಲಿಗಿ, ನ್ಯಾಯ ಗಂಡಸರಿಗಿ!”

ಆಗ ನಕ್ಕರು ನೋಡು ಖಾಲಾ, ಕಾಜಾ ಹಾಕಿದ ದಾರವೆಲ್ಲ ಸಿಕ್ಕಾಗುವ ಹಾಗೆ. ನನ್ನನ್ನು ನೋಡಿಯೇ ನಕ್ಕರು. ನನಗೆ ಏನೂ ಆಗಲಿಲ್ಲ ಅಂತ ಬರೆಯಬೇಕೆಂದಿದ್ದೆ. ಕಿವಿ ಬಿಸಿಯಾಯಿತು. ಎದ್ದು ಹೋಗಬೇಕು ಅನ್ನಿಸಿತು. ನಿನಗೆ ಆ ಸಭೆಯಲ್ಲಿ, ಆ ದೋಣಿಯಲ್ಲಿ ಹೋಗಲು ಜಾಗವೇ ಇರಲಿಲ್ಲ.

ಅಂದಿನಿಂದ ದಿನಾ ಅಂಗಡಿ ಮುಚ್ಚಿದ ಮೇಲೆ ಖಾಲಾರ ಹತ್ತಿರ ಹೋಗುತ್ತಿದ್ದೇನೆ. ಅರ್ಧ ಗಂಟೆ. ಸುಧಾರಿಸಿದ್ದೇನೆ ಅಂತೇನೂ ಇಲ್ಲ. ನಿನ್ನೆ ಅವರ ಮುಂದೆ ಕುರ್ಚಿಯನ್ನು ಗಂಡಸು ಮಾಡಿದೆ.

ಈ ತಿಂಗಳ ಕೊನೆಗೆ ಅಮಾವಾಸ್ಯೆ. ಮಾರ್ಚ್ ಒಂದರ ಶನಿವಾರದ ಹಿಂದಿ ಬ್ಯಾಚಿನಲ್ಲಿ ನನ್ನ ಹೆಸರು ಬರೆಸಿದ್ದೇನೆ. ಸಿದ್ದರಾಮೇಶರಿಗೆ ಮೂರು ದಿನ ರಜೆ ಕೇಳಿದೆ. “ಏನ್ ಕೆಲಸ?” ಅಂದರು. “ಒಂದು ತಿದ್ದುಪಡಿ ಅದರಿ,” ಅಂದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕಂತೆ. ಅಷ್ಟು ದೂರ ಒಬ್ಬಳೇ ಹೋಗಿಲ್ಲ.

ಮೊದಲು ನಿಮ್ಮ ಮೇಡಂ ಅವರನ್ನು ಕಾಣುತ್ತೇನೆ. ನೀನು ಸರಿಯಾಗಿ ಬರೆದಿದ್ದಿ, ಕನ್ನಡ ಬರುವವಳಿಗೆ ತೋರಿಸಿಯೂ ಇದ್ದಿ, ಕೆಡಿಸಿದ್ದು ಆ ಕನ್ನಡ ಬರುವವಳೇ ಅಂತ ಹೇಳುತ್ತೇನೆ. ಅದು ಸುಲಭದ ಭಾಗ, ಕನ್ನಡದಲ್ಲಿ ಮುಗಿಯುತ್ತದೆ. ಕನ್ನಡ ಬ್ಯಾಚು ನಿನಗೆ ವಾಪಸ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ನನ್ನ ಮುಖ ನೋಡುತ್ತೀಯೋ ಇಲ್ಲವೋ, ಅದೂ ಗೊತ್ತಿಲ್ಲ. ಬೇಡವಾದರೆ ಅವತ್ತು ರಜೆ ಹಾಕು, ನಾನು ತಪ್ಪು ತಿಳಿಯುವುದಿಲ್ಲ.

ಸಂಜೆ ದೋಣಿ ಹತ್ತುತ್ತೇನೆ. ಬ್ಯಾಟರಿ ಆರಿಸಿ, ಎಲ್ಲರೂ ಸುಮ್ಮನಾದ ಮೇಲೆ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಅಂತ ಕೇಳುತ್ತೀರಲ್ಲ, ಆಗ ನಾನು ಮಾತಾಡುತ್ತೇನೆ. ಅಷ್ಟು ಕತ್ತಲಲ್ಲಿ ಎತ್ತಿದ ಕೈ ಯಾರಿಗೂ ಕಾಣುವುದಿಲ್ಲ ಅಂತ ಖಾಲಾ ಎಚ್ಚರಿಸಿದ್ದಾರೆ. ಬಾಯಿಯನ್ನೇ ತೆರೆಯಬೇಕು. ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ನಿನ್ನ ಮಾತಿನಲ್ಲಿ, ಈ ಜಾಗಕ್ಕೆ ನೀನು ಇಟ್ಟ ಹೆಸರು ಯಾವುದು, ಅದನ್ನು ಹಾಳು ಮಾಡಿದವಳು ಯಾರು ಅಂತ ಹೇಳುತ್ತೇನೆ. ಗಂಡು ಹೆಣ್ಣು ಹೆಚ್ಚುಕಡಿಮೆ ಆಗುತ್ತದೆ. ನಗುವವರು ನಗುತ್ತಾರೆ.

ನೀನು ದೋಣಿಯಲ್ಲಿ ಇಲ್ಲದಿದ್ದರೂ ಹೇಳಿಯೇ ಬರುತ್ತೇನೆ.

ವಿಜಿ